ರೀಚಾರ್ಜ್ ಟಾರ್ಚ್, ಹೆಡ್‌ಲೈಟ್ ಕೈಕೊಟ್ಟರೆ: ಸೆಲ್ ಮತ್ತು ಬೋರ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ತ್ರೀಫೇಸ್ ಕರೆಂಟ್ ಬಂತು ಅಂತ ಪಂಪ್ ಹಾಕಲು ಹೊರಟವರಿಗೆ ಟಾರ್ಚ್ ಬೇಕೇ ಬೇಕು. ಬದುವಿನ ಮೇಲೆ ಹಾವು ಇರಬಹುದು, ಕಾಡಂಚಿನ ಊರಾದರೆ ಆನೆಯೇ ಇರಬಹುದು. ಅಂಥ ಹೊತ್ತಲ್ಲಿ ಲೈಟ್ ಆರಿಹೋದರೆ ಜೀವಕ್ಕೇ ಅಪಾಯ. ಆದರೆ ರಿಪೇರಿಗೆ ಬರುವ ಟಾರ್ಚ್‌ಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದೇ ಇಲ್ಲ. ಸ್ಪ್ರಿಂಗಿಗೆ ತುಕ್ಕು ಹಿಡಿದಿರುತ್ತದೆ, ವೈರ್ ಒಳಗೆ ತುಂಡಾಗಿರುತ್ತದೆ, ಚಾರ್ಜಿಂಗ್ ಪೋರ್ಟ್ ಸಡಿಲವಾಗಿರುತ್ತದೆ. ಇಷ್ಟಕ್ಕೇ ಕೆಲವರು ಟಾರ್ಚನ್ನೇ ಎಸೆಯುತ್ತಾರೆ. ಇನ್ನು ಕೆಲವರು ಸತ್ತ ಸೆಲ್ಲನ್ನು ಹಟ ಹಿಡಿದು ಬದುಕಿಸಲು ಹೋಗಿ ಕೈ ಸುಟ್ಟುಕೊಳ್ಳುತ್ತಾರೆ. ಮೊದಲು ಅಳೆಯಿರಿ, ಆಮೇಲೆ ತೀರ್ಮಾನ ಮಾಡಿ. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿನ ಮೇಲೇ ನಿಂತಿವೆ.

ನನ್ನ ಟಾರ್ಚ್ ಒಳಗೆ ಯಾವ ಬ್ಯಾಟರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಸಿಗುತ್ತದೆ.

ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಹಳೇ ಮಾದರಿಯ ಪ್ಲಾಸ್ಟಿಕ್ ಟಾರ್ಚಲ್ಲಿ ಚೌಕ ಡಬ್ಬಿಯಂಥ, ಕೈಗೆ ಭಾರ ಅನಿಸುವ 4 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಯುಎಸ್‌ಬಿ ಕೇಬಲ್‌ನಲ್ಲಿ ಚಾರ್ಜ್ ಆಗುವ ಟಾರ್ಚ್, ಹೆಡ್‌ಲೈಟ್‌ಗಳಲ್ಲಿ ಹೆಚ್ಚಾಗಿ 18650 ಲಿಥಿಯಂ ಅಯಾನ್ ಸೆಲ್ ಇರುತ್ತದೆ. 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಉರುಳೆ ಆಕಾರಕ್ಕೆ. ಹೆಸರಲ್ಲೇ ಅಳತೆ ಇದೆ. ಮೂರನೆಯದು ಸೋಲಾರ್ ಲೈಟ್‌ಗಳಲ್ಲಿ ಕಾಣುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಅದರ ಮೇಲೆ 3.2 ವೋಲ್ಟ್ ಅಂತ ಬರೆದಿರುತ್ತದೆ.

ಈ ಮೂರನ್ನು ಒಂದರ ಜಾಗಕ್ಕೆ ಒಂದು ಹಾಕಬೇಡಿ. 18650 ಲಿಥಿಯಂ ಅಯಾನ್ ಸೆಲ್ 4.2 ವೋಲ್ಟಿಗೆ ತುಂಬುತ್ತದೆ, 3.2 ವೋಲ್ಟ್ ಜಾತಿಯದು 3.65 ವೋಲ್ಟಿಗೇ ತುಂಬಿಬಿಡುತ್ತದೆ. ಎರಡಕ್ಕೂ ಬೇರೆ ಬೇರೆ ಚಾರ್ಜಿಂಗ್ ಬೋರ್ಡ್ ಬೇಕು. "ಎರಡೂ ಲಿಥಿಯಮ್ಮೇ ಅಲ್ವಾ" ಅಂತ ಬದಲಿಸಿದರೆ ಒಂದೋ ಅರ್ಧ ಚಾರ್ಜ್ ಆಗುತ್ತದೆ, ಇಲ್ಲವೇ ಓವರ್‌ಚಾರ್ಜ್ ಆಗುತ್ತದೆ. ಈ ಪುಟದಲ್ಲಿ ಹೆಚ್ಚಿನ ಮಾತು 18650 ಬಗ್ಗೆಯೇ, ಯಾಕೆಂದರೆ ಈಗ ಎಲ್ಲೆಲ್ಲೂ ಅದೇ.

ಮಲ್ಟಿಮೀಟರ್ ಇಲ್ದೆ ಆಗಲ್ವಾ?

ಕೊಂಚ ದೂರ ಹೋಗಬಹುದು, ಪೂರ್ತಿ ಆಗುವುದಿಲ್ಲ. ವೋಲ್ಟೇಜ್, ಕರೆಂಟ್ ಅಳೆಯುವ ಸಾದಾ ಡಿಜಿಟಲ್ ಮಲ್ಟಿಮೀಟರ್ ಒಂದು ಒಳ್ಳೆಯ ಟಾರ್ಚಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಮನೆಯಲ್ಲಿ ಒಂದು ಇರಲಿ.

ಡಿಸಿ 20 ವೋಲ್ಟ್ ರೇಂಜಿಗೆ ಇಟ್ಟು ಸೆಲ್ಲಿನ ಎರಡು ತುದಿಗೆ ಕಡ್ಡಿ ತಾಗಿಸಿ. 4.1ರಿಂದ 4.2 ಬಂದರೆ ತುಂಬಿದೆ. 3.7ರ ಆಸುಪಾಸು ಬಂದರೆ ಸುಮಾರು ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. 3.3ಕ್ಕೆ ಬಂತು ಅಂದರೆ ಖಾಲಿಯಾಗುತ್ತಾ ಬಂದಿದೆ. 2.5ಕ್ಕಿಂತ ಕೆಳಗೆ ಇದ್ದರೆ ಎಚ್ಚರ, ಅದರ ಬಗ್ಗೆ ಮುಂದೆ ಬೇರೆಯೇ ಪ್ರಶ್ನೆ ಇದೆ. 4 ವೋಲ್ಟ್ ಲೆಡ್ ಆಸಿಡ್ ಆದರೆ ಚಾರ್ಜ್ ತೆಗೆದು ಕೆಲವು ಗಂಟೆ ಬಿಟ್ಟ ಮೇಲೂ 4.2 ಅಥವಾ ಅದಕ್ಕಿಂತ ಜಾಸ್ತಿ ತೋರಿಸಬೇಕು.

ಒಂದು ಮಾತು ನೆನಪಿರಲಿ. ಮೀಟರನ್ನು ಆಂಪಿಯರ್ ರೇಂಜಿನಲ್ಲಿಟ್ಟು ಸೆಲ್ಲಿಗೆ ನೇರವಾಗಿ ತಾಗಿಸಬೇಡಿ. ಅದು ಶಾರ್ಟ್ ಮಾಡಿದ ಲೆಕ್ಕವೇ. ಮೀಟರಿನ ಫ್ಯೂಸ್ ಹೋಗುತ್ತದೆ, ಕೆಲವು ಸಲ ಕಡ್ಡಿಯೇ ಸುಡುತ್ತದೆ.

ಫುಲ್ ಚಾರ್ಜ್ ಅಂತ ತೋರಿಸುತ್ತೆ, ಮೀಟರಲ್ಲೂ 4.1 ಇದೆ. ಆದ್ರೂ ಹತ್ತು ನಿಮಿಷಕ್ಕೆ ಮಂಕಾಗುತ್ತೆ. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವುದು ಇದನ್ನೇ. ಸುಮ್ಮನೆ ಕೂತ ಸೆಲ್ಲಿನ ವೋಲ್ಟೇಜ್ ನೋಡಿ ಮೋಸ ಹೋಗಬೇಡಿ. ಟಾರ್ಚ್ ಉರಿಯುತ್ತಿರುವಾಗ ಅಳೆಯಬೇಕು.

ಸೆಲ್ ಹೊರಗೆ ಕಾಣುವ ಹೆಡ್‌ಲೈಟ್ ಆದರೆ ಈ ಕೆಲಸ ಸುಲಭ. ಮೊದಲು ಲೈಟ್ ಆಫ್ ಇರುವಾಗ ಸೆಲ್ಲಿನ ತುದಿಗಳಲ್ಲಿ ಅಳೆಯಿರಿ. ಆಮೇಲೆ ಫುಲ್ ಬೆಳಕಲ್ಲಿ ಆನ್ ಮಾಡಿ, ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 4.1 ಇದ್ದದ್ದು 3.9 ಅಥವಾ 4.0ಕ್ಕೆ ಇಳಿದರೆ ಸೆಲ್ ಗಟ್ಟಿ ಇದೆ. ಒಂದೇಟಿಗೆ 3.4ಕ್ಕೆ ಬಿದ್ದರೆ ಸೆಲ್ಲಿಗೆ ವಯಸ್ಸಾಗಿದೆ. ಲೈಟ್ ಎಳೆಯುವುದು 1 ಆಂಪ್ ಅಂತಿಟ್ಟುಕೊಳ್ಳಿ. 0.7 ವೋಲ್ಟ್ ಬಿತ್ತು ಅಂದರೆ ಸೆಲ್ಲಿನ ಒಳಗಿನ ತಡೆಯೇ 0.7 ಓಮ್ ಆಯಿತು. ಒಳ್ಳೆಯ 18650ರಲ್ಲಿ ಅದು 0.1 ಓಮಿಗಿಂತ ಕಡಿಮೆ ಇರಬೇಕು. ಇಂಥ ಸೆಲ್ಲಲ್ಲಿ ಚಾರ್ಜ್ ಇದ್ದರೂ ಹೊರಗೆ ಬರುವುದಿಲ್ಲ. ಅದನ್ನು ಬದಲಿಸಲೇಬೇಕು, ಬೇರೆ ಮದ್ದಿಲ್ಲ.

ಈಗ ಇನ್ನೊಂದು ಅಳತೆ. ಲೈಟ್ ಉರಿಯುತ್ತಿರುವಾಗಲೇ ಬೋರ್ಡಿಗೆ ಸೆಲ್ಲಿನ ವೈರ್ ಬಂದು ಸೇರುವ ಎರಡು ಬಿಂದುಗಳಲ್ಲಿ ನೋಡಿ. ಸೆಲ್ಲಿನ ತುದಿಯಲ್ಲಿ 3.95, ಬೋರ್ಡಿನಲ್ಲಿ 3.3 ಬಂತೇ? ಹಾಗಾದರೆ ಸೆಲ್ಲಿನದೂ ತಪ್ಪಲ್ಲ, ಬೋರ್ಡಿನದೂ ತಪ್ಪಲ್ಲ. ನಡುವೆ ಸ್ಪ್ರಿಂಗ್, ಪತ್ತಿ, ವೈರ್ ಇವುಗಳಲ್ಲಿ ಎಲ್ಲೋ ವೋಲ್ಟೇಜ್ ಸೋರಿಹೋಗುತ್ತಿದೆ. ಈ ಒಂದು ಪರೀಕ್ಷೆ ಮಾಡದೆ ಬೋರ್ಡ್ ಬದಲಿಸುವವರನ್ನು ಕಂಡಾಗ ಬೇಸರವಾಗುತ್ತದೆ. ಎರಡು ನಿಮಿಷದ ಕೆಲಸ ಅದು.

ಕೈಯಿಂದ ತಟ್ಟಿದ್ರೆ ಹತ್ತುತ್ತೆ, ಬಿಟ್ರೆ ಆರಿಹೋಗುತ್ತೆ.

ಕಾಂಟ್ಯಾಕ್ಟ್ ಸಮಸ್ಯೆ. ಲೋಹದ ಟಾರ್ಚಲ್ಲಿ ಹಿಂದಿನ ಮುಚ್ಚಳದ ತಿರುಪಿನ ಮೂಲಕವೇ ಕರೆಂಟ್ ಹರಿಯುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅಲ್ಲಿ ಕಪ್ಪು ಕೊಳೆ ಕೂತರೆ ಲೈಟ್ ಮಿನುಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ತಿರುಪು, ಕೊಳವೆಯ ಅಂಚು, ಸ್ಪ್ರಿಂಗ್ ತುದಿ ಒರೆಸಿ. ತುಕ್ಕು ಇದ್ದರೆ ಸಣ್ಣ ಎಮರಿ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒಳಗೆ ಬೀಳದ ಹಾಗೆ. ಸ್ಪ್ರಿಂಗ್ ಮುದುರಿದ್ದರೆ ಕೊಂಚ ಎಳೆದು ಉದ್ದ ಮಾಡಿ.

ಹೆಡ್‌ಲೈಟ್ ಆದರೆ ಮೊದಲು ವೈರ್ ನೋಡಿ. ಹಿಂದೆ ಬ್ಯಾಟರಿ ಡಬ್ಬಿ, ಮುಂದೆ ಬಲ್ಬ್, ನಡುವೆ ವೈರ್. ಆ ವೈರ್ ಡಬ್ಬಿಯೊಳಕ್ಕೆ ಹೋಗುವ ಜಾಗದಲ್ಲೇ ದಿನಾ ಬಾಗಿ ಬಾಗಿ ಒಳಗಿನ ತಾಮ್ರದ ಎಳೆ ತುಂಡಾಗುತ್ತದೆ. ಮೇಲಿನ ರಬ್ಬರ್ ಮಾತ್ರ ಸರಿಯಾಗೇ ಕಾಣುತ್ತದೆ. ಲೈಟ್ ಆನ್ ಮಾಡಿ ಆ ಜಾಗವನ್ನು ಹಿಡಿದು ಆಚೀಚೆ ಬಾಗಿಸಿ. ಬೆಳಕು ಮಿನುಗಿತು ಅಂದರೆ ಸಿಕ್ಕಿತು. ಅಷ್ಟು ಭಾಗ ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, ಬಿಸಿಗೆ ಬಿಗಿಯಾಗುವ ಶ್ರಿಂಕ್ ಟ್ಯೂಬ್ ಹಾಕಿದರೆ ಮುಗಿಯಿತು.

ಹೊಸ ಸೆಲ್ ಹಾಕಿದೆ. ಆದ್ರೂ ಸತ್ತ ಹಾಗೇ ಇದೆ. ಬೋರ್ಡ್ ಹೋಗಿದ್ಯಾ?

ಬೋರ್ಡ್ ಬಿಚ್ಚುವ ಮೊದಲು ಚಾರ್ಜರ್ ಕೇಬಲ್ ಒಂದು ಸಲ ಚುಚ್ಚಿ, ಕೆಲವು ಸೆಕೆಂಡ್ ಬಿಟ್ಟು ತೆಗೆಯಿರಿ. ತುಂಬಾ ಸಲ ಇಷ್ಟರಲ್ಲೇ ಲೈಟ್ ಎದ್ದು ಕೂರುತ್ತದೆ.

ಕಾರಣ ಇದು. ಈ ಬೋರ್ಡ್‌ಗಳಲ್ಲಿ ಡಿಡಬ್ಲ್ಯು01 ಅನ್ನುವ ಆರು ಕಾಲಿನ ಪುಟ್ಟ ಐಸಿ (ಚಿಪ್) ಇರುತ್ತದೆ. ಪಕ್ಕದಲ್ಲೇ 8205 ಅಂತ ಬರೆದ ಎಂಟು ಕಾಲಿನ ಇನ್ನೊಂದು ಐಸಿ. ಮೊದಲನೆಯದು ಕಾವಲುಗಾರ, ಎರಡನೆಯದು ಅದು ಹೇಳಿದಂತೆ ತೆರೆದು ಮುಚ್ಚುವ ಗೇಟು. ಸೆಲ್ ಸುಮಾರು 2.4 ವೋಲ್ಟಿಗೆ ಇಳಿದರೆ, ಅಥವಾ ಶಾರ್ಟ್ ಆದರೆ, ಗೇಟ್ ಮುಚ್ಚಿಕೊಳ್ಳುತ್ತದೆ. ಸೆಲ್ ಬಿಚ್ಚಿ ಹೊಸದನ್ನು ಕೂರಿಸುವಾಗಲೂ ಅದು ಹಲವು ಸಲ ಮುಚ್ಚಿದ ಸ್ಥಿತಿಯಲ್ಲೇ ಉಳಿದುಬಿಡುತ್ತದೆ. ಚಾರ್ಜರಿನಿಂದ ಕರೆಂಟ್ ಬಂದರೆ ಮಾತ್ರ ಮತ್ತೆ ತೆರೆಯುತ್ತದೆ. ಹಾಗಾಗಿ ಸೆಲ್ಲಿನ ಬಳಿ 3.8 ಇದ್ದು, ಬೋರ್ಡಿನ ಔಟ್‌ಪುಟ್ ಬಳಿ 0 ತೋರಿಸಿದರೆ ಗಾಬರಿ ಬೇಡ.

ಚಾರ್ಜರ್ ಕೊಟ್ಟರೂ ಔಟ್‌ಪುಟ್ 0 ಇದೆ, ಸೆಲ್ಲಿನ ಕಡೆ ವೋಲ್ಟೇಜ್ ಸರಿ ಇದೆ ಅಂದರೆ ಆಗ ಆ ಎರಡು ಐಸಿಗಳ ಮೇಲೆ ಅನುಮಾನ ಪಡಬಹುದು. ಸೆಲ್ ತಿರುಗಾಮುರುಗಾ ಹಾಕಿದಾಗ ಇವು ಹೋಗುವುದು ಮಾಮೂಲು. ಐಸಿ ಒಂದೊಂದೇ ಬದಲಿಸುವ ಬದಲು ಇಡೀ ಬೋರ್ಡ್ ಬದಲಿಸಿ, ಬೆಲೆ ತೀರಾ ಕಡಿಮೆ. ಆದರೆ ಕಾವಲು ಐಸಿಯನ್ನು ಬಿಟ್ಟು ಸೆಲ್ಲಿನಿಂದ ನೇರವಾಗಿ ವೈರ್ ಎಳೆದು "ರೆಡಿ ಮಾಡಿದೆ" ಅನ್ನುವವರ ಕೈಗೆ ಟಾರ್ಚ್ ಕೊಡಬೇಡಿ.

ಚಾರ್ಜ್ ಲೈಟ್ ಏನೇನೋ ತೋರಿಸುತ್ತೆ. ಅರ್ಥ ಏನು?

ಟಿಪಿ4056 ಅನ್ನುವ ಐಸಿ ಇರುವ ಬೋರ್ಡುಗಳೇ ಜಾಸ್ತಿ, ಅದನ್ನು ಹಿಡಿದು ಹೇಳುತ್ತೇನೆ. ಕೆಂಪು ಉರಿದರೆ ಚಾರ್ಜ್ ಆಗುತ್ತಿದೆ. ನೀಲಿ ಅಥವಾ ಹಸಿರು ಬಂದರೆ ತುಂಬಿತು.

ಚುಚ್ಚಿದ ಕೂಡಲೇ ನೀಲಿ ಬಂತು, ಸೆಲ್ ಮಾತ್ರ ಖಾಲಿ ಇದೆ ಅಂದರೆ ಸೆಲ್ಲಿಗೂ ಬೋರ್ಡಿಗೂ ಸಂಪರ್ಕ ತಪ್ಪಿದೆ. ನೀಲಿ ಉರಿಯುತ್ತಾ ಕೆಂಪು ಪಟಪಟ ಮಿನುಗಿದರೂ ಅದೇ ಕಾರಣ. ರಾತ್ರಿಯಿಡೀ ಕೆಂಪೇ ಇದ್ದರೆ ಎರಡು ಸಾಧ್ಯತೆ. ಒಂದು, ಸೆಲ್ ಒಳಗೇ ಸೋರುತ್ತಿದೆ. ಎರಡು, ಚಾರ್ಜ್ ಮಾಡುವಾಗ ಲೈಟ್ ಕೂಡ ಆನ್ ಇದೆ. ಚಾರ್ಜ್ ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಮಾತ್ರ ಐಸಿ "ತುಂಬಿತು" ಅನ್ನುತ್ತದೆ. ಲೈಟ್ ಕರೆಂಟ್ ಎಳೆಯುತ್ತಲೇ ಇದ್ದರೆ ಅದು ಇಳಿಯುವುದೇ ಇಲ್ಲ. ಚಾರ್ಜಿಗೆ ಹಾಕಿದಾಗ ಲೈಟ್ ಆಫ್ ಇರಲಿ.

ಯಾವ ಲೈಟೂ ಇಲ್ಲ ಅಂದರೆ ಬೋರ್ಡಿನ ಇನ್‌ಪುಟ್‌ನಲ್ಲಿ 5 ವೋಲ್ಟ್ ಬರುತ್ತಿದೆಯಾ ನೋಡಿ. ಬರುತ್ತಿಲ್ಲ ಅಂದರೆ ಕೇಬಲ್ ಅಥವಾ ಪೋರ್ಟ್. ಮೈಕ್ರೋ ಯುಎಸ್‌ಬಿ ಪೋರ್ಟನ್ನು ಕತ್ತಲಲ್ಲಿ ಉಲ್ಟಾ ಚುಚ್ಚಿ ಚುಚ್ಚಿ ಅದರ ಬೆಸುಗೆ ಕಿತ್ತು ಬಂದಿರುತ್ತದೆ. ಮತ್ತೆ ಬೆಸೆಯಬಹುದು, ಆದರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬಂದಿದ್ದರೆ ಬೋರ್ಡ್ ಬದಲಿಸುವುದೇ ಸಲೀಸು.

ಮೊಬೈಲಿನ ಟೈಪ್-ಸಿ ಚಾರ್ಜರಿಗೆ ಹಾಕಿದ್ರೆ ಚಾರ್ಜ್ ಆಗಲ್ಲ. ಹಳೇ ಚಾರ್ಜರಲ್ಲಿ ಆಗುತ್ತೆ. ಇದೇನು?

ಟಾರ್ಚ್ ಕೆಟ್ಟಿಲ್ಲ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಹಾಕಿದಾಗ, ಚಾರ್ಜರ್ ಮೊದಲು ಆ ಕಡೆ ಯಾರಾದರೂ ಇದ್ದಾರಾ ಅಂತ ನೋಡುತ್ತದೆ. ಟಾರ್ಚಿನ ಪೋರ್ಟಿನಲ್ಲಿ ಇದಕ್ಕೆಂದೇ ಇರುವ ಎರಡು ಸಿಸಿ ಪಿನ್‌ಗಳಿಂದ ಗ್ರೌಂಡಿಗೆ 5.1 ಕಿಲೋಓಮಿನ ಒಂದೊಂದು ರೆಸಿಸ್ಟರ್ ಇದ್ದರೆ ಮಾತ್ರ ಅದು 5 ವೋಲ್ಟ್ ಕೊಡುತ್ತದೆ. ಅಗ್ಗದ ಟಾರ್ಚ್ ಮಾಡುವವರು ಈ ಎರಡು ರೆಸಿಸ್ಟರನ್ನೇ ಹಾಕದೆ ಬಿಟ್ಟುಬಿಡುತ್ತಾರೆ. ಪೈಸೆ ಲೆಕ್ಕದ ಉಳಿತಾಯಕ್ಕೆ ಕೊಂಡವರು ಪರದಾಡಬೇಕು. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ, ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್ ಬಳಸಿ, ಸಾಕು.

ಚಾರ್ಜ್ ಆಗುವಾಗ ಬಿಸಿ ಆಗುತ್ತೆ. ಹೆದರಬೇಕಾ?

ಎಲ್ಲಿ ಬಿಸಿ ಅನ್ನುವುದು ಮುಖ್ಯ. ಟಿಪಿ4056 ಬಿಸಿಯಾಗುವುದು ಸಹಜ. ಹೊರಗಿನಿಂದ 5 ವೋಲ್ಟ್ ಬರುತ್ತದೆ, ಸೆಲ್ಲಿನಲ್ಲಿ 3.7 ಇದೆ, ಉಳಿದ 1.3 ವೋಲ್ಟ್ ಶಾಖವಾಗಿಯೇ ಹೋಗಬೇಕು. 1 ಆಂಪ್ ಹರಿದರೆ 1.3 ವಾಟ್. ಅಷ್ಟು ಚಿಕ್ಕ ಚಿಪ್ ಮೇಲೆ ಬೆರಳಿಡಲು ಆಗದಷ್ಟು ಬಿಸಿ ಬರುತ್ತದೆ. ಜಾಸ್ತಿ ಬಿಸಿಯಾದರೆ ಅದೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ.

ಸೆಲ್ ಬಿಸಿಯಾದರೆ ಮಾತ್ರ ಹುಷಾರು. ಬೆಚ್ಚಗಿದ್ದರೆ ಸರಿ. ಕೈಯಲ್ಲಿ ಹಿಡಿಯಲು ಆಗದಷ್ಟು ಆಯಿತು ಅಂದರೆ ತಕ್ಷಣ ಚಾರ್ಜರ್ ತೆಗೆಯಿರಿ, ಆ ಸೆಲ್ ಮತ್ತೆ ಬಳಸಬೇಡಿ. ಚಿಕ್ಕ ಹೆಡ್‌ಲೈಟ್‌ಗಳಲ್ಲಿ 500 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಚಪ್ಪಟೆ ಸೆಲ್ ಹಾಕಿ, 1 ಆಂಪಿನ ಬೋರ್ಡ್ ಕೂರಿಸಿರುವುದೂ ಉಂಟು. ಐಸಿಯ ಎರಡನೇ ಕಾಲಿಗೆ ಸೇರಿದ ರೆಸಿಸ್ಟರ್ ನೋಡಿ. ಅದರ ಮೇಲೆ 122 ಅಂತ ಇದ್ದರೆ 1.2 ಕಿಲೋಓಮ್, ಅಂದರೆ ಚಾರ್ಜಿಂಗ್ 1 ಆಂಪ್. ಅದನ್ನು ತೆಗೆದು 5 ಕಿಲೋಓಮ್ ಹಾಕಿದರೆ 250 ಮಿಲಿಆಂಪಿಗೆ ಇಳಿಯುತ್ತದೆ. ಚಾರ್ಜ್ ಆಗಲು ಹೊತ್ತು ಹಿಡಿಯುತ್ತದೆ, ಆದರೆ ಸೆಲ್ ತಣ್ಣಗಿರುತ್ತದೆ.

ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಚಾರ್ಜಿಗೆ ಹಾಕಬೇಡಿ. ಈ ಸೆಲ್‌ಗಳನ್ನು ಚಾರ್ಜ್ ಮಾಡಲು 45 ಡಿಗ್ರಿಯೇ ಸಾಮಾನ್ಯ ಮಿತಿ.

ಸೆಲ್ 1 ವೋಲ್ಟಿಗೆ ಇಳಿದಿದೆ. "ಶಾಕ್ ಕೊಟ್ಟು" ಎಬ್ಬಿಸ್ತೀನಿ ಅಂತಾರೆ. ಮಾಡಿಸಬಹುದಾ?

ಬೇಡ. ದಯವಿಟ್ಟು ಬೇಡ.

ಚಾರ್ಜ್ ಇರುವ ಇನ್ನೊಂದು ಸೆಲ್ಲಿಗೆ ವೈರ್ ತಾಗಿಸಿ ಎಬ್ಬಿಸುವ ಕೆಲಸ ನೋಡಲು ಚಮತ್ಕಾರದ ಹಾಗಿರುತ್ತದೆ. ಒಳಗೆ ಏನಾಗುತ್ತದೆ ಅಂತ ತಿಳಿದರೆ ಯಾರೂ ಒಪ್ಪುವುದಿಲ್ಲ. ಲಿಥಿಯಂ ಅಯಾನ್ ಸೆಲ್ಲಿನ ಮೈನಸ್ ಬದಿಯಲ್ಲಿ ತೆಳ್ಳನೆಯ ತಾಮ್ರದ ಹಾಳೆ ಇರುತ್ತದೆ. ಸೆಲ್ ತೀರಾ ಕೆಳಗೆ ಇಳಿದು ಹಾಗೇ ಬಿದ್ದಿದ್ದರೆ ಆ ತಾಮ್ರ ಕರಗಿ ಒಳಗಿನ ದ್ರವಕ್ಕೆ ಸೇರುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇರೆ ಜಾಗದಲ್ಲಿ ಕೂರುತ್ತದೆ. ಪ್ಲಸ್ ಮತ್ತು ಮೈನಸ್ ನಡುವಿನ ಪೊರೆಯನ್ನು ದಾಟಿತು ಅಂದರೆ ಒಳಗಡೆಯೇ ಶಾರ್ಟ್. ಅದು ಚಾರ್ಜ್ ಮಾಡಿದ ದಿನವೇ ಆಗಬೇಕು ಅಂತಿಲ್ಲ. ಯಾವತ್ತೋ ರಾತ್ರಿ, ದಿಂಬಿನ ಪಕ್ಕದಲ್ಲಿರುವಾಗ ಆಗಬಹುದು.

ನಾನು ಪಾಲಿಸುವ ನಿಯಮ ಸರಳ. 2.5ರ ಆಸುಪಾಸು ಇದ್ದು, ಇಳಿದು ಹೆಚ್ಚು ದಿನ ಆಗಿಲ್ಲ ಅಂದರೆ ಕಣ್ಣೆದುರಿಗೇ ಚಾರ್ಜ್ ಮಾಡಿ ನೋಡುತ್ತೇನೆ. ಟಿಪಿ4056 ತಾನೇ 2.9 ವೋಲ್ಟ್ ತನಕ ಹತ್ತನೇ ಒಂದು ಭಾಗ ಕರೆಂಟಲ್ಲಿ ಮೆಲ್ಲಗೆ ತುಂಬಿಸುತ್ತದೆ. ತುಂಬಿದ ಮೇಲೆ ಸೆಲ್ ಬಿಚ್ಚಿ ಒಂದು ವಾರ ಇಟ್ಟು ಮತ್ತೆ ಅಳೆಯುತ್ತೇನೆ. 4.1ಕ್ಕಿಂತ ಕೆಳಗೆ ಬಂದರೆ ಬೇಡ. 2 ವೋಲ್ಟಿಗಿಂತ ಕೆಳಗೆ ಇದ್ದದ್ದನ್ನು ಮುಟ್ಟುವುದೇ ಇಲ್ಲ.

9900 ಎಂಎಎಚ್ ಅಂತ ಬರೆದ 18650 ಸೆಲ್ ಅಗ್ಗಕ್ಕೆ ಸಿಗುತ್ತೆ. ತಗೊಳ್ಳಲಾ?

ಸುಳ್ಳು ಅದು. ನಂಬಿಕೆಯ ಕಂಪನಿಗಳು ಮಾಡುವ ಒಳ್ಳೆಯ 18650 ಸೆಲ್‌ಗಳೇ 2000ದಿಂದ 3500 ಎಂಎಎಚ್ ಇರುತ್ತವೆ. 9900 ಅನ್ನುವುದು ಆ ಗಾತ್ರದಲ್ಲಿ ಆಗದ ಮಾತು.

ಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ಸರಿಯಾದ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. 30 ಗ್ರಾಂ ಬಂತು ಅಂದರೆ ಒಳಗೆ ಸರಕೇ ಇಲ್ಲ. ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೆ ಹೊಸ ಪ್ಲಾಸ್ಟಿಕ್ ಸುತ್ತಿ ಮಾರುವುದೂ ಇದೆ. ಅದು ತೂಕದಲ್ಲಿ ಗೊತ್ತಾಗುವುದಿಲ್ಲ, ಮೇಲೆ ಹೇಳಿದ ಹಾಗೆ ಲೈಟ್ ಉರಿಯುವಾಗ ಅಳೆದರೆ ಗೊತ್ತಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವವರು ಮೀಟರ್ ಜೇಬಲ್ಲಿಟ್ಟುಕೊಂಡು ಹೋಗಿ. ಒಳ್ಳೆಯ ಅಂಗಡಿಯವರು ಅಳೆಯಲು ಬೇಡ ಅನ್ನುವುದಿಲ್ಲ. ಸೆಲ್ ಅಥವಾ ಪ್ಯಾಕೆಟ್ ಮೇಲೆ ಐಎಸ್ 16046 ಅನ್ನುವ ಮಾನಕದ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದೆಯಾ ಅಂತಲೂ ನೋಡಿ.

ಉದ್ದ ಕೂಡ ಗಮನಿಸಿ. ಒಳಗೇ ರಕ್ಷಣೆ ಬೋರ್ಡ್ ಇರುವ ಸೆಲ್ ಸುಮಾರು 69 ಮಿಲಿಮೀಟರ್ ಬರುತ್ತದೆ. ಕೆಲವು ಟಾರ್ಚ್‌ಗಳಲ್ಲಿ ಕೂರುವುದಿಲ್ಲ. ಒತ್ತಿ ತುರುಕಬೇಡಿ.

ಸೆಲ್ಲಿನ ಮೇಲಿನ ಪ್ಲಾಸ್ಟಿಕ್ ಸ್ವಲ್ಪ ಹರಿದಿದೆ ಅಷ್ಟೇ. ಪರವಾಗಿಲ್ವಾ?

ಎಲ್ಲಿ ಹರಿದಿದೆ? ಪ್ಲಸ್ ತುದಿಯನ್ನು ಹತ್ತಿರದಿಂದ ನೋಡಿ. ನಡುವಿನ ಗುಂಡಿ ಮಾತ್ರ ಪ್ಲಸ್. ಅದರ ಸುತ್ತ ಒಂದು ಕಾಗದದ ಬಿಲ್ಲೆ ಇದೆ. ಆ ಬಿಲ್ಲೆಯ ಕೆಳಗಿನ ಅಂಚು, ಇಡೀ ಮೈ, ತಳ ಎಲ್ಲವೂ ಮೈನಸ್. ಅಂದರೆ ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಇರುವುದು ಒಂದೆರಡು ಮಿಲಿಮೀಟರ್ ಜಾಗ, ಕಾಯುವುದು ಆ ಕಾಗದ ಮತ್ತು ಪ್ಲಾಸ್ಟಿಕ್. ಅಲ್ಲಿ ಹರಿದು, ಟಾರ್ಚಿನ ಲೋಹದ ಪತ್ತಿ ತಾಗಿತು ಅಂದರೆ ನೇರ ಶಾರ್ಟ್. ಟಾರ್ಚಿನ ಬೋರ್ಡಲ್ಲಿ ಎಷ್ಟೇ ರಕ್ಷಣೆ ಇದ್ದರೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಈ ಶಾರ್ಟ್ ಬೋರ್ಡಿನ ತನಕ ಹೋಗುವುದೇ ಇಲ್ಲ.

18650ಕ್ಕೆ ಅಂತಲೇ ಪಿವಿಸಿ ಶ್ರಿಂಕ್ ಕವರ್ ಸಿಗುತ್ತದೆ. ಬಿಲ್ಲೆ ಸಮೇತ ಹಾಕಿ ಬಿಸಿ ಗಾಳಿ ಕೊಟ್ಟರೆ ಹೊಸದರ ಹಾಗೆ ಕೂರುತ್ತದೆ. ಬರೀ ಸೆಲ್ಲೋಟೇಪ್ ಸುತ್ತಿ ಬಿಡಬೇಡಿ. ಮೈ ತಗ್ಗಾಗಿದ್ದರೆ ಕವರ್ ಹಾಕುವ ಗೋಜೇ ಬೇಡ, ಆ ಸೆಲ್ ಬಿಟ್ಟುಬಿಡಿ.

ಸೆಲ್ಲಿಗೆ ನಾನೇ ವೈರ್ ಬೆಸುಗೆ ಹಾಕಬಹುದಾ?

ಸೆಲ್ಲಿನ ಮೇಲೆ ನೇರವಾಗಿ ಬೇಡ. ಬೆಸುಗೆ ಕಡ್ಡಿಯ ಬಿಸಿಗೆ ಒಳಗಿನ ಪೊರೆ ಸುಕ್ಕಾಗುತ್ತದೆ. ಅದಕ್ಕೇ ಸ್ಪಾಟ್ ವೆಲ್ಡಿಂಗ್ ಇರುವುದು. ನಿಕ್ಕಲ್ ಪಟ್ಟಿ ಮೊದಲೇ ಕೂರಿಸಿದ ಸೆಲ್ ತಂದು, ಆ ಪಟ್ಟಿಗೆ ವೈರ್ ಬೆಸೆಯಿರಿ. ಇಲ್ಲವೇ ಸೆಲ್ ಹೋಲ್ಡರ್ ಹಾಕಿ.

ಎರಡು ಮೂರು ಸೆಲ್ ಪಕ್ಕಪಕ್ಕ ಕೂರುವ ಡಬ್ಬಿಯಾದರೆ ಹಳೆಯದು ಹೊಸದು ಬೆರೆಸಬೇಡಿ. ಹಾಕುವ ಮೊದಲು ಎಲ್ಲದರ ವೋಲ್ಟೇಜ್ ಒಂದೇ ಇರಲಿ, 0.05 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬೇಡ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರುವ ಪ್ಯಾರಲಲ್ ಡಬ್ಬಿಯಲ್ಲಿ ಒಂದನ್ನು ಉಲ್ಟಾ ಹಾಕಿದರೆ ಉಳಿದವೆಲ್ಲ ಅದರ ಮೇಲೆ ಒಟ್ಟಿಗೇ ಸುರಿಯುತ್ತವೆ. ಕತ್ತಲಲ್ಲಿ ತಡಕಾಡಿ ಸೆಲ್ ಬದಲಿಸುವ ಅಭ್ಯಾಸ ಇರುವವರು ಡಬ್ಬಿಯೊಳಗೆ ಪ್ಲಸ್ ಇರುವ ಕಡೆ ಕೆಂಪು ಪೇಂಟ್ ಹಚ್ಚಿಡಿ.

ಗೋಡೆ ಪ್ಲಗ್ಗಿಗೆ ನೇರ ಚುಚ್ಚೋ ಟಾರ್ಚ್ ಬಿಚ್ಚಿದೆ, ಶಾಕ್ ಹೊಡೀತು. ಬ್ಯಾಟರಿ 4 ವೋಲ್ಟ್ ಅಷ್ಟೇ ಅಲ್ವಾ?

ಬ್ಯಾಟರಿ 4 ವೋಲ್ಟೇ. ಆದರೆ ಅಂಥ ಎಷ್ಟೋ ಟಾರ್ಚ್‌ಗಳ ಬೋರ್ಡಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟನ್ನು ಒಂದು ಕೆಪಾಸಿಟರ್ ಮೂಲಕ ಹರಿಸಿ ಕರೆಂಟನ್ನು ಮಿತಿಯಲ್ಲಿಡುತ್ತಾರೆ. 105ಜೆ 400ವಿ ಅಂತ ಬರೆದ ಕೆಂಪು ಅಥವಾ ಹಳದಿ ಬಣ್ಣದ ದಪ್ಪ ಬಿಲ್ಲೆ ಅದೇ. 105 ಅಂದರೆ 1 ಮೈಕ್ರೋಫ್ಯಾರಡ್. ನಮ್ಮ 230 ವೋಲ್ಟ್, 50 ಹರ್ಟ್ಸ್ ಲೈನಿನಲ್ಲಿ ಅದರಿಂದ ಸುಮಾರು 70 ಮಿಲಿಆಂಪ್ ಮಾತ್ರ ಹರಿಯುತ್ತದೆ. ಅಗ್ಗದ ದಾರಿ, ಕೆಲಸವೂ ಆಗುತ್ತದೆ. ಆದರೆ ಪ್ಲಗ್ಗಿನಲ್ಲಿ ಇರುವಷ್ಟು ಹೊತ್ತು ಬ್ಯಾಟರಿ, ಸ್ವಿಚ್, ಎಲ್‌ಇಡಿ ಎಲ್ಲವೂ ಲೈನಿಗೆ ಸೇರಿಕೊಂಡಿರುತ್ತವೆ. ಬಿಚ್ಚಿಟ್ಟು ಪ್ಲಗ್ಗಿಗೆ ಹಾಕಿ ಅಳೆಯಲು ಹೋದರೆ ಪ್ರಾಣವೇ ಹೋಗಬಹುದು.

ಪ್ಲಗ್ಗಿನಿಂದ ತೆಗೆದ ಮೇಲೂ ಆ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಅದನ್ನು ಖಾಲಿ ಮಾಡಲು ಪಕ್ಕದಲ್ಲಿ ಒಂದು ರೆಸಿಸ್ಟರ್ ಇರಬೇಕು. ಅದು ಸುಟ್ಟಿದ್ದರೆ, ಅಥವಾ ತಯಾರಿಸಿದವರು ಹಾಕೇ ಇಲ್ಲದಿದ್ದರೆ, ತೆಗೆದ ಕೂಡಲೇ ಪ್ಲಗ್ಗಿನ ಪಿನ್ ಮುಟ್ಟಿದರೂ ಹೊಡೆಯುತ್ತದೆ. ಮಕ್ಕಳ ಕೈಗೆ ಕೊಡಬೇಡಿ. ಚಾರ್ಜ್ ಆಗುತ್ತಿರುವಾಗ ಅದನ್ನೇ ಹಿಡಿದು ಓಡಾಡಬೇಡಿ. ಅದರಲ್ಲಿ ಮೊಬೈಲ್ ಚಾರ್ಜ್ ಮಾಡುವ ಕಿಂಡಿ ಇದ್ದರೆ, ಗೋಡೆಯಲ್ಲಿ ಇರುವಾಗ ಅದನ್ನು ಬಳಸಲೇಬೇಡಿ.

ಇಂಥ ಟಾರ್ಚ್ ರಾತ್ರಿಯಿಡೀ ಹಾಕಿದರೂ ಅರ್ಧವೇ ತುಂಬುತ್ತದೆ ಅಂದರೆ, ಆ ಕೆಪಾಸಿಟರ್ ವರ್ಷಗಳಲ್ಲಿ ಸವೆದು ಅದರ ಮೌಲ್ಯ ಇಳಿದಿರಬಹುದು. ಇಲ್ಲವೇ ಬ್ಯಾಟರಿಯನ್ನು ಖಾಲಿ ಬಿಟ್ಟು ಸೀಸದ ತಟ್ಟೆಗೆ ಗಟ್ಟಿ ಸಲ್ಫೇಟ್ ಕಟ್ಟಿರಬಹುದು. ಕೆಪಾಸಿಟರ್ ಬದಲಿಸುವ ಕೆಲಸ ಗೊತ್ತಿದ್ದವರ ಕೈಯಲ್ಲೇ ಆಗಲಿ.

ಬಲ್ಬೇ ಹೋಗಿರಬಹುದಲ್ವಾ?

ಹೋಗಬಹುದು, ಕಡಿಮೆ. ಮೀಟರನ್ನು ಡಯೋಡ್ ರೇಂಜಿಗೆ ಇಟ್ಟು ಎಲ್‌ಇಡಿಯ ಎರಡು ತುದಿಗೆ ತಾಗಿಸಿ. ಸಣ್ಣಗೆ ಮಿಣುಕಿದರೆ ಚೆನ್ನಾಗಿದೆ. ಕೆಲವು ಮೀಟರಿನ ಡಯೋಡ್ ರೇಂಜಿಗೆ ಬಿಳಿ ಎಲ್‌ಇಡಿ ಬೆಳಗಿಸುವಷ್ಟು ವೋಲ್ಟೇಜ್ ಇರುವುದಿಲ್ಲ, ಅದಕ್ಕೆ 3 ವೋಲ್ಟ್ ಹತ್ತಿರ ಬೇಕು. ಹಾಗಾಗಿ ಮಿಣುಕಲಿಲ್ಲ ಅಂತ ಎಸೆಯಬೇಡಿ.

ಮಳೆಗಾಲದಲ್ಲಿ ಒಳಗೆ ನೀರು ಹೋಗಿದೆ.

ಆನ್ ಮಾಡಿ ನೋಡಬೇಡಿ. ಮೊದಲು ಸೆಲ್ ತೆಗೆಯಿರಿ. ಸೆಲ್ ಬೆಸುಗೆ ಆಗಿದ್ದರೆ ಪ್ಲಸ್ ವೈರನ್ನು ಬಿಡಿಸಿ. ನೀರಿಗಿಂತ ಜಾಸ್ತಿ ಹಾಳು ಮಾಡುವುದು ನೀರು ಮತ್ತು ವೋಲ್ಟೇಜ್ ಸೇರಿದಾಗ ಬೋರ್ಡಿನ ಮೇಲೆ ಕೂರುವ ಹಸಿರು ಕಿಲುಬು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ ಅದ್ದಿ ಬೋರ್ಡ್ ತೊಳೆಯಿರಿ, ಒಂದು ದಿನ ಒಣಗಿಸಿ. ಮಲೆನಾಡಿನ ಮಳೆಯಲ್ಲಿ ಹೊರಗೆ ಒಣಗುವುದಿಲ್ಲ, ಒಲೆ ಮೇಲಿನ ಅಟ್ಟದ ಬೆಚ್ಚಗೆ ಬೋರ್ಡಿಗೆ ಸಾಕು. ಸೆಲ್ಲನ್ನು ಮಾತ್ರ ಅಲ್ಲಿಡಬೇಡಿ. ಮುಚ್ಚುವ ಮೊದಲು ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿ.

ಬಿಸಾಡಿದ ಇ-ಸಿಗರೇಟಿನಲ್ಲೂ ಇದೇ ಥರ ಸೆಲ್ ಇರುತ್ತಂತೆ. ಕಿತ್ತು ಬಳಸಬಹುದಾ? ರಿಪೇರಿ ಮಾಡಿಕೊಡಿ ಅಂತಲೂ ಕೆಲವರು ಬರ್ತಾರೆ.

ದೊಡ್ಡ ಇ-ಸಿಗರೇಟ್‌ಗಳಲ್ಲಿ 18650 ಇರುತ್ತದೆ, ಒಮ್ಮೆ ಬಳಸಿ ಎಸೆಯುವವುಗಳಲ್ಲಿ ಅದಕ್ಕಿಂತ ಚಿಕ್ಕ ಲಿಥಿಯಂ ಸೆಲ್. ನಮ್ಮ ದೇಶದಲ್ಲಿ 2019ರ ಕಾನೂನಿನ ಪ್ರಕಾರ ಇ-ಸಿಗರೇಟಿನ ತಯಾರಿ, ಆಮದು, ಸಾಗಣೆ, ಮಾರಾಟ, ಸಂಗ್ರಹ ಎಲ್ಲವೂ ನಿಷೇಧ. ಮಾರಿದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಂಗ್ರಹಿಸಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಲ್ಲೂ ಎರಡೂ ಆಗಬಹುದು. ರಿಪೇರಿ ಅಂಗಡಿಯವರು ಇಂಥದ್ದನ್ನು ಕೈಗೆ ತೆಗೆದುಕೊಳ್ಳದಿರುವುದೇ ಲೇಸು.

ಆ ಸೆಲ್ಲನ್ನು ಕಿತ್ತು ಬಳಸುವುದೂ ಬೇಡ. ಅದು ಎಷ್ಟು ಕೆಳಗೆ ಇಳಿದಿತ್ತು, ಎಲ್ಲಿ ಜಜ್ಜಿತ್ತು ಅನ್ನುವುದು ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ 2009ರಿಂದ 2016ರ ಕೊನೆಯವರೆಗೆ ಇ-ಸಿಗರೇಟಿಗೆ ಬೆಂಕಿ ಹತ್ತಿದ, ಸಿಡಿದ 195 ಪ್ರಕರಣಗಳನ್ನು ಅಲ್ಲಿನ ಅಗ್ನಿಶಾಮಕ ಆಡಳಿತ ಪಟ್ಟಿ ಮಾಡಿತ್ತು. ಅವುಗಳಲ್ಲಿ ಸಾಕಷ್ಟು ಜೇಬಿನಲ್ಲೇ ನಡೆದವು. ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 2021ರಲ್ಲಿ ಬಿಡಿ 18650 ಸೆಲ್‌ಗಳನ್ನು ಸಾಮಾನ್ಯ ಗ್ರಾಹಕರು ಕೊಳ್ಳಲೇಬಾರದು ಅಂತ ಎಚ್ಚರಿಸಿತು. ನಮ್ಮಲ್ಲಿ ಟಾರ್ಚಿನ ಸೆಲ್ ಬಿಡಿಯಾಗಿಯೇ ಸಿಗುವುದರಿಂದ ಆ ಎಚ್ಚರಿಕೆಯ ಕಾರಣವನ್ನಾದರೂ ತಿಳಿದಿರಬೇಕು. ಬಿಡಿ ಸೆಲ್ಲನ್ನು ಕೀಲಿ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಸೆಲ್ ಉಬ್ಬಿದೆ, ಅಥವಾ ಹೊಗೆ ಬರ್ತಾ ಇದೆ. ಏನು ಮಾಡ್ಲಿ?

ಉಬ್ಬಿದ ಚಪ್ಪಟೆ ಸೆಲ್ಲನ್ನು ಒತ್ತಬೇಡಿ, ಸೂಜಿ ಚುಚ್ಚಿ ಗಾಳಿ ತೆಗೆಯಬೇಡಿ. ಮನೆಯ ಹೊರಗೆ, ಮರಳು ತುಂಬಿದ ಬಕೆಟ್ಟಿನಲ್ಲಿಡಿ.

ಹೊಗೆ ಶುರುವಾದರೆ ಟಾರ್ಚ್ ಉಳಿಸಲು ನೋಡಬೇಡಿ. ಪ್ಲಗ್ಗಿನಲ್ಲಿದ್ದರೆ ಮೊದಲು ಮೇನ್ ಆಫ್ ಮಾಡಿ. ಜನ ದೂರ ಸರಿಯಲಿ. ಆ ಹೊಗೆ ವಿಷ, ಉಸಿರಾಡಬೇಡಿ. ಲೈನಿನ ಸಂಪರ್ಕ ಇಲ್ಲ ಅಂತ ಖಾತ್ರಿಯಾದ ಮೇಲೆ ದೂರದಿಂದ ಧಾರಾಳ ನೀರು ಸುರಿಯಬಹುದು. ಸೆಲ್ ತಣ್ಣಗಾಗುವುದೇ ಮುಖ್ಯ. ಬೆಂಕಿ ಆರಿದ ಹಾಗೆ ಕಂಡರೂ ಮತ್ತೆ ಹೊತ್ತಿಕೊಳ್ಳುವುದುಂಟು, ಕೂಡಲೇ ಎತ್ತಿಕೊಳ್ಳಬೇಡಿ. ಬೆಂಕಿ ಹರಡಿದರೆ ತಡಮಾಡದೆ 112ಕ್ಕೆ ಕರೆ ಮಾಡಿ.

ಟಾರ್ಚನ್ನು ತಿಂಗಳುಗಟ್ಟಲೆ ಬಳಸಲ್ಲ. ಹೇಗೆ ಇಡಬೇಕು?

ಲಿಥಿಯಂ ಆದರೆ ಅರ್ಧ ಚಾರ್ಜಿನಲ್ಲಿ, 3.7ರಿಂದ 3.8 ವೋಲ್ಟ್ ಇರುವಾಗ, ತಂಪಾದ ಜಾಗದಲ್ಲಿಡಿ. ಸೆಲ್ ತೆಗೆಯಲು ಬರುವುದಾದರೆ ತೆಗೆದೇ ಇಡಿ. ಮೆತ್ತಗೆ ಒತ್ತುವ ಸ್ವಿಚ್ ಇರುವ ಟಾರ್ಚ್ ಆಫ್ ಇದ್ದಾಗಲೂ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತದೆ. ಬೇಸಿಗೆಯಲ್ಲಿ ಮೂಲೆಗಿಟ್ಟ ಹೆಡ್‌ಲೈಟ್ ಮಳೆಗಾಲಕ್ಕೆ ಏಳದಿರುವುದು ಎಷ್ಟೋ ಸಲ ಇದರಿಂದಲೇ. ಲೆಡ್ ಆಸಿಡ್‌ಗೆ ಇದರ ಉಲ್ಟಾ. ಅದನ್ನು ಪೂರ್ತಿ ಚಾರ್ಜ್ ಮಾಡಿಯೇ ಇಡಬೇಕು, ತಿಂಗಳಿಗೊಮ್ಮೆಯಾದರೂ ಮತ್ತೆ ತುಂಬಿಸಬೇಕು.

ಸತ್ತ ಸೆಲ್ ಎಲ್ಲಿಗೆ ಹಾಕೋದು?

ಕಸದ ಗಾಡಿಗೂ ಬೇಡ, ಒಲೆಗೂ ಬೇಡ, ಹೊಲದ ಬದುವಿಗೂ ಬೇಡ. ಕಸದ ಲಾರಿಯಲ್ಲಿ ಒತ್ತಿದಾಗ ಸೆಲ್ ಸಿಡಿದು ಪೌರಕಾರ್ಮಿಕರಿಗೆ ಗಾಯವಾಗಬಹುದು. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಅಂಗಡಿಯಲ್ಲಿ ಕೇಳಿ, ಇಲ್ಲದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. 4 ವೋಲ್ಟ್ ಲೆಡ್ ಬ್ಯಾಟರಿಯನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಆದರೆ ಒಡೆದು ಸೀಸ ತೆಗೆದು ಆಸಿಡ್ಡನ್ನು ಚರಂಡಿಗೆ ಸುರಿಯುವವರಿಗೆ ಕೊಡಬೇಡಿ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟು ಬನ್ನಿ.